ಮೂವತ್ತೊಂಬತ್ತಕ್ಕೆ ಎಂಬಿಬಿಎಸ್: ಅರ್ಜಿ ಹಾಕಿದ ಕಥೆ

ಮಡಿಕೇರಿ ಮೆಡಿಕಲ್ ಕಾಲೇಜಿನಲ್ಲಿ ಅಡ್ಮಿಷನ್ ಮುಗಿಸಿ ಬಂದಿದ್ದೇನೆ. ಸುದ್ದಿ ಹರಡಿದ ಮೇಲೆ ಫೋನಿನಲ್ಲಿ ಒಂದೇ ಪ್ರಶ್ನೆ. "ಈ ವಯಸ್ಸಿಗೆ ಸೀಟು ಕೊಡ್ತಾರಾ?" ಕೇಳುವವರಲ್ಲಿ ನನ್ನ ಹಾಗೆ ನರ್ಸ್ ಆಗಿರುವವರಿದ್ದಾರೆ, ಮೆಡಿಕಲ್ ಶಾಪಿನಲ್ಲಿ ಕೂರುವವರಿದ್ದಾರೆ, ಮಕ್ಕಳು ದೊಡ್ಡವರಾದ ಮೇಲೆ ಹಳೇ ಆಸೆ ಮತ್ತೆ ತಲೆ ಎತ್ತಿದವರೂ ಇದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೆ ಬರೆದುಬಿಡುತ್ತಿದ್ದೇನೆ. ನನ್ನ ವಯಸ್ಸು ನೋಡಿ ಯಾವ ಕೌಂಟರಿನಲ್ಲೂ ಯಾರೂ ಅರ್ಜಿ ವಾಪಸ್ ಕೊಡಲಿಲ್ಲ. ಪರದಾಡಿದ್ದೆಲ್ಲ ಹಳೇ ಕಾಗದಗಳಿಗಾಗಿ. ಹದಿನೆಂಟರ ಮಕ್ಕಳಿಗೆ ಅಂತ ಮಾಡಿದ ವ್ಯವಸ್ಥೆ ಇದು. ಅದರಲ್ಲಿ ಇಪ್ಪತ್ತು ವರ್ಷ ಹಿಂದಿನ ಮಾರ್ಕ್ಸ್ ಕಾರ್ಡ್ ತೂರಿಸುವುದೇ ದೊಡ್ಡ ಕೆಲಸ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2002ರಲ್ಲಿ, ಪಿಯುಸಿ 2004ರಲ್ಲಿ. ಆಗ ಸಿಇಟಿ ಬರೆದಿದ್ದೆ. ಮೆಡಿಕಲ್ ಸಿಗುವಷ್ಟು ರ‍್ಯಾಂಕ್ ಬರಲಿಲ್ಲ, ಜನರಲ್ ನರ್ಸಿಂಗ್ ಸೇರಿದೆ. ಮದುವೆ, ಮಗಳು, ವಿರಾಜಪೇಟೆ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಕೆಲಸ. ನೈಟ್ ಡ್ಯೂಟಿಯಲ್ಲಿ ಡಾಕ್ಟರ್ ಬರುವ ತನಕ ರೋಗಿಯ ಪಕ್ಕ ನಿಲ್ಲುವವಳು ನಾನೇ. ಏನು ಆಗುತ್ತಿದೆ ಅಂತ ಅರ್ಧ ಗೊತ್ತಿರುತ್ತದೆ, ಇನ್ನರ್ಧ ಗೊತ್ತಿಲ್ಲದ್ದು ಕೊರೆಯುತ್ತಿರುತ್ತದೆ. ಕಾರಣ ಇಷ್ಟೇ. ದೊಡ್ಡ ಕಥೆ ಏನಿಲ್ಲ.

ವಯಸ್ಸಿನ ನಿಯಮ ಮೊದಲು ತಿಳಿದುಕೊಳ್ಳಿ, ಯಾಕೆಂದರೆ ಈಗಲೂ ಹಳೇ ಸುದ್ದಿಯನ್ನೇ ನಂಬಿಕೊಂಡವರು ತುಂಬಾ ಜನ. 2017ರಲ್ಲಿ ಮೆಡಿಕಲ್ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಮೇಲಿನ ವಯಸ್ಸಿನ ಮಿತಿ ತಂದರು, ಸಾಮಾನ್ಯ ವರ್ಗಕ್ಕೆ 25, ಮೀಸಲಾತಿ ಇರುವವರಿಗೆ 30. ನನಗೆ ಆಗ 31. ಪೇಪರ್ ಮಡಚಿಟ್ಟು ಸುಮ್ನಾದೆ. ಅದು ಕೋರ್ಟಿಗೆ ಹೋಯಿತು, ವರ್ಷಗಟ್ಟಲೆ ಎಳೆಯಿತು. ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಮಿತಿ ತೆಗೆಯಲು ತೀರ್ಮಾನಿಸಿ, 2022ರ ಮಾರ್ಚ್‌ನಲ್ಲಿ ಅದನ್ನು ಪ್ರಕಟಿಸಿತು. ಈಗ ಕೆಳಗಿನ ಮಿತಿ ಮಾತ್ರ ಇದೆ, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್ ಓದಿರಬೇಕು. ಮೂರು ವಿಜ್ಞಾನ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಮೀಸಲಾತಿಯವರಿಗೆ ಶೇ. 40 ಅಂಕ ಬೇಕು. ಪಿಯುಸಿ ಅಂಕಗಳಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಇಲ್ಲ, ರ‍್ಯಾಂಕ್ ಪೂರ್ತಿ ನೀಟ್ ಮೇಲೆಯೇ.

ಓದಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ಹೇಳಿಕೊಡುವವರು ಯೂಟ್ಯೂಬಿನಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಕಾಲದ ಪಿಯುಸಿ ಪುಸ್ತಕ ಮೂಲೆಗಿಡಿ. ಈಗ ಎಲ್ಲ ಎನ್‌ಸಿಇಆರ್‌ಟಿ, ಅಂದರೆ ಕೇಂದ್ರದ ಪಠ್ಯಪುಸ್ತಕ. ಕೆಲವು ವರ್ಷದ ಹಿಂದೆ ಸಿಲಬಸ್ಸಿನಿಂದ ಒಂದಷ್ಟು ಪಾಠ ಕೈಬಿಟ್ಟಿದ್ದಾರೆ, ಹಾಗಾಗಿ ಹಳೇ ಗೈಡ್ ಕೊಂಡರೆ ಬೇಡದ್ದನ್ನೂ ಓದುತ್ತೀರಿ. ನರ್ಸಿಂಗ್ ಓದಿದ್ದರಿಂದ ಬಯಾಲಜಿಯ ಮನುಷ್ಯ ದೇಹದ ಭಾಗ ನನಗೆ ಸಲೀಸು. ಗಿಡಗಳ ಭಾಗ ಬಾಯಿಪಾಠ. ಫಿಸಿಕ್ಸ್ ಅಂದರೆ ಮಾತ್ರ ಹೊಟ್ಟೆ ತೊಳೆಸುತ್ತಿತ್ತು. ಮಗಳು ಆಗ ಫಸ್ಟ್ ಪಿಯುಸಿ. ಒಂದೇ ಪುಸ್ತಕ ಇಬ್ಬರಿಗೂ. ವೆಕ್ಟರ್ ಅವಳು ಹೇಳಿಕೊಟ್ಟಳು, ರಕ್ತ ಪರಿಚಲನೆ ನಾನು. "ಅವ್ವ, ಬಾಣದ ತಲೆ ಎತ್ತ ಕಡೆ ಅಂತ ಮೊದಲು ನೋಡು, ಆಮೇಲೆ ಲೆಕ್ಕ ಮಾಡು" ಅಂತ ಪೆನ್ಸಿಲಿನಿಂದ ನನ್ನ ಬೆರಳಿಗೆ ತಟ್ಟುತ್ತಿದ್ದಳು. ಜನವರಿ ಫೆಬ್ರವರಿ ಕಾಫಿ ಕುಯ್ಲಿನ ಕಾಲ, ಮನೆಯಲ್ಲಿ ಪುರುಸೊತ್ತು ಅನ್ನೋದೇ ಇಲ್ಲ. ಕಣದಲ್ಲಿ ಹಣ್ಣು ಹರವಿಸಿ, ಆಳುಗಳಿಗೆ ಚಹಾ ಕೊಟ್ಟು, ಹತ್ತು ನಿಮಿಷ ಸಿಕ್ಕರೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿದ್ದೇನೆ.

2025ರ ನೀಟ್ ಅರ್ಜಿ ಫೆಬ್ರವರಿ 7ರಿಂದ ಮಾರ್ಚ್ 7ರ ತನಕ ಇತ್ತು. ಮೊದಲ ಪೆಟ್ಟು ಅಲ್ಲೇ ಬಿತ್ತು. ಹೆಸರು.

ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಹೆಸರಿನ ಮುಂದೆ ಮನೆ ಹೆಸರು. ಮದುವೆಯಾದ ಮೇಲೆ ಹೆಂಗಸಿನ ಮನೆ ಹೆಸರು ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ನನ್ನ ತವರಿನ ಮನೆ ಹೆಸರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ. ಆಧಾರಿನಲ್ಲಿ ಗಂಡನ ಮನೆ ಹೆಸರು ಪೂರ್ತಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ. ನೀಟ್ ಅರ್ಜಿಯಲ್ಲಿ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಹೆಸರು ಬರೆಯಬೇಕು. ನಾನು ಆಧಾರನ್ನೇ ಎಸ್ಸೆಸ್ಸೆಲ್ಸಿ ಹೆಸರಿಗೆ ತಿರುಗಿಸಿದೆ. "ಮದುವೆಯಾಗಿ ಇಷ್ಟು ವರ್ಷ ಆದಮೇಲೆ ತವರಿನ ಹೆಸರಿಗೆ ವಾಪಸ್ ಹೋಗ್ತಿದ್ದೀಯಾ?" ಅಂತ ಅತ್ತೆ ನಕ್ಕರು. ಆಧಾರಿನಲ್ಲಿ ಹೆಸರನ್ನು ಬೇಕಾದಷ್ಟು ಸಲ ಬದಲಿಸಲು ಬಿಡುವುದಿಲ್ಲ, ಎರಡೇ ಸಲ. ಮದುವೆಯ ನಂತರ ಒಮ್ಮೆ ಬದಲಿಸಿದ್ದರೆ ನಿಮಗೆ ಉಳಿದಿರುವುದು ಒಂದೇ ಅವಕಾಶ, ಅಕ್ಷರ ಅಕ್ಷರ ನೋಡಿ ಮಾಡಿಸಿ. ಜೊತೆಗೆ ಎರಡೂ ಹೆಸರು ಒಬ್ಬಳದ್ದೇ ಅಂತ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ನನಗೆ ಮುಂದೆ ಅದೇ ಕಾಪಾಡಿತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಾನು 3ಎ. ಹಾಗಂತ ನೀಟ್ ಅರ್ಜಿಯಲ್ಲಿ ಒಬಿಸಿ ಅಂತ ಒತ್ತಿಬಿಡಬೇಡಿ. ರಾಜ್ಯದ ಪಟ್ಟಿಯೇ ಬೇರೆ, ಕೇಂದ್ರದ ಪಟ್ಟಿಯೇ ಬೇರೆ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ, ಇಲ್ಲದಿದ್ದರೆ ಅಲ್ಲಿ ಸಾಮಾನ್ಯ ವರ್ಗ. ನಾನು ಹಾಗೇ ಹಾಕಿ 1,700 ರೂಪಾಯಿ ಕಟ್ಟಿದೆ. 3ಎ ಲೆಕ್ಕಕ್ಕೆ ಬರುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಅರ್ಜಿಯಲ್ಲಿ.

ಫೋಟೊ ವಿಷಯಕ್ಕೂ ಒಂದು ಮಾತು. ಬಿಳಿ ಹಿನ್ನೆಲೆ, ಎರಡೂ ಕಿವಿ ಕಾಣಬೇಕು. ಎರಡೂ ಕೈಯ ಬೆರಳಚ್ಚು ಸ್ಕ್ಯಾನ್ ಮಾಡಿ ಹಾಕಬೇಕು. ಸ್ಟಾಂಪ್ ಪ್ಯಾಡಿನ ಶಾಯಿ ತುಂಬಿದ ಕೈಯಲ್ಲಿ ನಾನು, ಪಕ್ಕದಲ್ಲಿ ಅದೇ ಕೆಲಸಕ್ಕೆ ಬಂದ ಪಿಯುಸಿ ಹುಡುಗರು. ಸೈಬರ್ ಅಂಗಡಿಯ ಹುಡುಗ "ಅಕ್ಕ, ಮಗಳ ಬೆರಳು ಬೇಕು, ನಿಮ್ಮದಲ್ಲ" ಅಂದ. ಮಗಳು ಬಿದ್ದು ಬಿದ್ದು ನಕ್ಕಳು.

ಪರೀಕ್ಷೆ ಮೇ 4ರ ಭಾನುವಾರ. ಮೈಸೂರಿನಲ್ಲಿ ನಾದಿನಿ ಮನೆ ಇರುವುದರಿಂದ ಊರಿನ ಆಯ್ಕೆಯಲ್ಲಿ ಮೈಸೂರನ್ನೇ ಮೊದಲು ಕೊಟ್ಟಿದ್ದೆ, ಸಿಕ್ಕಿತು. ಹಿಂದಿನ ದಿನವೇ ಹೋಗಿ ಉಳಿದುಕೊಂಡೆ. ಗೇಟು 1.30ಕ್ಕೆ ಮುಚ್ಚುತ್ತದೆ, ಪರೀಕ್ಷೆ 2ರಿಂದ 5. ಬೆಳಗ್ಗೆ ಹೊರಟು ತಲುಪುತ್ತೇನೆ ಅಂತ ನಂಬಿಕೊಳ್ಳಬೇಡಿ, ಹುಣಸೂರಿನ ಹತ್ತಿರ ಒಂದು ಲಾರಿ ಅಡ್ಡ ನಿಂತರೆ ಒಂದು ವರ್ಷ ಹೋಯಿತು. ಅರ್ಧ ತೋಳಿನ ಬಟ್ಟೆ, ಸಾದಾ ಚಪ್ಪಲಿ, ಒಡವೆ ಏನೂ ಇಲ್ಲ. ನಮ್ಮ ಕಡೆಯ ತಾಳಿ, ಕರ್ತಮಣಿ ಪತ್ತಾಕ್ ಬಿಚ್ಚಿ ನಾದಿನಿಯ ಬೀರುವಿನಲ್ಲಿಟ್ಟು ಹೋದೆ. ಗೇಟಿನಲ್ಲಿ ಜಗಳಕ್ಕೆ ಅವಕಾಶ ಯಾಕೆ ಅಲ್ವಾ? ಪೆನ್ನು ಅವರೇ ಕೊಡುತ್ತಾರೆ. ಓದುವ ಕನ್ನಡಕ ಬೇಕಾದವರು ಮರೆಯಬೇಡಿ. ನಲವತ್ತರ ಹತ್ತಿರದ ಕಣ್ಣಿಗೆ ಉತ್ತರ ಗುರುತಿಸುವ ಒಎಂಆರ್ ಹಾಳೆಯ ವೃತ್ತಗಳು ಮೂರನೇ ಗಂಟೆಗೆ ಎರಡೆರಡು ಕಾಣುತ್ತವೆ. 180 ಪ್ರಶ್ನೆ, 180 ನಿಮಿಷ. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಆ ವರ್ಷದ ಫಿಸಿಕ್ಸ್ ನೋಡಿ ಕೋಣೆಯಲ್ಲಿ ಒಂದು ಹುಡುಗಿ ಬಿಕ್ಕುವುದು ಕೇಳಿಸಿತು. ನಾನು ಬಯಾಲಜಿಯ 90 ಮೊದಲು ಮುಗಿಸಿ, ಕೆಮಿಸ್ಟ್ರಿ ಮಾಡಿ, ಫಿಸಿಕ್ಸಿನಲ್ಲಿ ಗೊತ್ತಿದ್ದನ್ನು ಮಾತ್ರ ಮುಟ್ಟಿದೆ. ವಾರ್ಡಿನಲ್ಲಿ ಕಲಿತದ್ದು ಅದು, ಉಳಿಸಲು ಆಗುವುದನ್ನು ಮೊದಲು ನೋಡು.

ಫಲಿತಾಂಶ ಜೂನ್ 14ಕ್ಕೆ ಬಂತು. ದೇಶಕ್ಕೇ ಮೊದಲು ಬಂದವರಿಗೆ 686, ಹಿಂದಿನ ವರ್ಷದ ಹಾಗೆ 720 ಯಾರಿಗೂ ಇಲ್ಲ. ಕಷ್ಟದ ಪೇಪರ್ ನನ್ನಂಥವರಿಗೆ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ನನ್ನ ಅಂಕ ಹಿಂದಿನ ವರ್ಷವಾಗಿದ್ದರೆ ಎಲ್ಲಿಗೂ ಸಾಲುತ್ತಿರಲಿಲ್ಲ. ಒಂದು ಮಾತು ನೆನಪಿಡಿ, ಅರ್ಹತೆ ಬೇರೆ, ಸೀಟು ಬೇರೆ. ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ ಆ ವರ್ಷ 144 ಇತ್ತು. ಆ ಅಂಕಕ್ಕೆ ಸರ್ಕಾರಿ ಸೀಟು ಕನಸಿನಲ್ಲೂ ಬರುವುದಿಲ್ಲ. "ನೀಟ್ ಪಾಸಾಗಿದ್ದೀರಿ, ಸೀಟು ಮಾಡಿಸಿಕೊಡ್ತೇವೆ" ಅಂತ ಫೋನ್ ಮಾಡುವವರ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನು ಕಾಗದ. ನಿಜವಾದ ಪರೀಕ್ಷೆ ಇಲ್ಲಿಂದ ಶುರು.

ರಾಜ್ಯದ ಕೋಟಾಕ್ಕೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ. ನನಗೆ ಎರಡೂ ಇತ್ತು. ಇದನ್ನು ಯಾರೂ ಬಿಡಬೇಡಿ, ನನಗೆ ಸೀಟು ಸಿಕ್ಕಿದ್ದೇ ಇದರಿಂದ. ಈಗಿನ ಮಕ್ಕಳಿಗೆ ಸ್ಯಾಟ್ಸ್ ನಂಬರ್ ಇದೆ, ಅದನ್ನು ಹಾಕಿದರೆ ಓದಿದ ವಿವರ ತಾನೇ ಬರುತ್ತದೆ. ನಮ್ಮ ಕಾಲದಲ್ಲಿ ಅದೆಲ್ಲಿತ್ತು? ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ, ಎಲ್ಲ ಕೈಯಲ್ಲೇ ಆಗಬೇಕು.

ನಾನು ನಾಲ್ಕನೇ ಕ್ಲಾಸಿನ ತನಕ ಓದಿದ ಶಾಲೆ ನಾಪೋಕ್ಲು ಕಡೆ, ತವರಿನ ತೋಟದ ಪಕ್ಕ. ಮಕ್ಕಳಿಲ್ಲದೆ ಮುಚ್ಚಿ ವರ್ಷಗಳಾಗಿವೆ. ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಜಗಲಿಯಲ್ಲಿ ಯಾರದ್ದೋ ಕಾಳುಮೆಣಸಿನ ಏಣಿ. ಮುಚ್ಚಿದ ಶಾಲೆಯ ದಾಖಲೆ ಹತ್ತಿರದ ಇನ್ನೊಂದು ಶಾಲೆಗೆ ಹೋಗಿರುತ್ತದೆ, ಅದು ಯಾವುದು ಅಂತ ಬಿಇಒ ಕಚೇರಿಯಲ್ಲಿ ಹೇಳುತ್ತಾರೆ. ಗೊತ್ತಾಯಿತು. ಅಷ್ಟೊತ್ತಿಗೆ ಮಳೆ ಹಿಡಿಯಿತು. ಕೊಡಗಿನ ಜೂನ್ ಅಂದರೆ ಗೊತ್ತಲ್ವಾ? ಡಿಸಿ ರಜೆ ಘೋಷಿಸುತ್ತಾರೆ, ಶಾಲೆ ಮುಚ್ಚುತ್ತದೆ. ರಜೆ ಮುಗಿದ ದಿನ ಹೋದರೆ ಮೇಡಂ ಮೀಟಿಂಗಿಗೆ ಹೋಗಿರುತ್ತಾರೆ. ಕೊನೆಗೆ ಸಿಕ್ಕರು. ತುಂಬಾ ಒಳ್ಳೆಯವರು. ಕಬ್ಬಿಣದ ಟ್ರಂಕ್ ತೆಗೆದು ದಾಖಲಾತಿ ಪುಸ್ತಕಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಶೀತಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಅವರು ಅಡಿಕೋಲನ್ನು ಸಂದಿಯಲ್ಲಿ ತೂರಿಸಿ ಮೆಲ್ಲಗೆ ಬಿಡಿಸುತ್ತಾ ಹೋದರು. ನನ್ನ ಹೆಸರು ನೀಲಿ ಶಾಯಿಯಲ್ಲಿ ಇತ್ತು, ಪಕ್ಕದಲ್ಲಿ ಅಪ್ಪನ ಸಹಿ. ಹುಟ್ಟಿದ ತಾರೀಖಿನ ಮೂಲೆ ಬೆಳ್ಳಿಹುಳ ತಿಂದಿತ್ತು. ಇಸವಿ ಉಳಿದಿತ್ತು, ತಿಂಗಳು ಉಳಿದಿತ್ತು, ದಿನ ಇಲ್ಲ. "ಎಸ್ಸೆಸ್ಸೆಲ್ಸಿ ಕಾರ್ಡ್ ತಂದಿದ್ದೀರಾ? ಅದಕ್ಕೆ ತಾಳೆ ನೋಡಿ ಬರೀತೀನಿ" ಅಂದರು. ಇಲ್ಲಿ ಇನ್ನೊಂದು ತೊಡಕು. ಮೂಲ ಕಾರ್ಡ್ ನನ್ನ ಹತ್ತಿರ ಇರಲಿಲ್ಲ.

ಕೆಲಸಕ್ಕೆ ಸೇರುವಾಗ ಆಸ್ಪತ್ರೆಯವರು ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರು. ನರ್ಸುಗಳಿಗೆ ಇದು ಹೊಸದಲ್ಲ. ಕೇಳಿದಾಗ "ರಿಸೈನ್ ಮಾಡಿ, ನೋಟಿಸ್ ಅವಧಿ ಮುಗಿಸಿ, ಆಮೇಲೆ ಕೊಡ್ತೇವೆ" ಅಂದರು. ಸೀಟೇ ಗ್ಯಾರಂಟಿ ಇಲ್ಲದೆ ಕೆಲಸ ಬಿಡುವುದು ಹೇಗೆ? ಮನೆಯಲ್ಲಿ ನಿದ್ದೆ ಇಲ್ಲದ ರಾತ್ರಿಗಳು ಅವು. ಗಂಡ ಕೊನೆಗೆ, "ಈ ಸಲ ಕಾಫಿಗೆ ಒಳ್ಳೇ ರೇಟ್ ಸಿಕ್ಕಿದೆ. ಒಂದು ವರ್ಷ ನಿನ್ನ ಸಂಬಳ ಇಲ್ಲದಿದ್ದರೂ ನಡೀತದೆ. ಬಿಡು" ಅಂದರು. ಬಿಟ್ಟೆ. ನೀವು ಇನ್ನೂ ಓದಿನ ಹಂತದಲ್ಲಿದ್ದರೆ, ಬ್ಯಾಂಕ್ ಸಾಲಕ್ಕೆ ಅಂತಲೋ ಮತ್ತೊಂದಕ್ಕೋ ಹೇಳಿ ಮೂಲ ಕಾಗದಗಳನ್ನು ಈಗಲೇ ಮನೆಗೆ ತರಿಸಿಕೊಳ್ಳಿ. ಸರ್ಕಾರಿ ನೌಕರಿಯಲ್ಲಿ ಇರುವವರು ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೂ ಮೊದಲೇ ಅರ್ಜಿ ಹಾಕಿ.

ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಲ್ಲಿ. 2ಎ, 2ಬಿ, 3ಎ, 3ಬಿ ಆದರೆ ಫಾರಂ ಎಫ್. ಹಳೇ ಕೈಬರಹದ ಪತ್ರ ಇದ್ದರೆ ಅದು ನೆನಪಿಗೆ ಇಟ್ಟುಕೊಳ್ಳಲಷ್ಟೇ. ಆರ್‌ಡಿ ನಂಬರ್ ಇರುವ ಹೊಸದು ಬೇಕು, ಕೆಇಎ ಅರ್ಜಿ ಆ ನಂಬರನ್ನೇ ಕೇಳುತ್ತದೆ. ಮದುವೆಯಾದ ಹೆಂಗಸಿಗೆ ಜಾತಿ ತಂದೆಯ ಕಡೆಯಿಂದಲೇ. ಗಂಡನ ಮನೆಯ ಪಹಣಿ ಹಿಡಿದುಕೊಂಡು ಹೋದರೆ ವಾಪಸ್ ಕಳಿಸುತ್ತಾರೆ. ತಂದೆಯ ದಾಖಲೆ, ನಿಮ್ಮ ಎಸ್ಸೆಸ್ಸೆಲ್ಸಿ ಕಾರ್ಡ್ ಒಯ್ಯಿರಿ.

ನಾನು ಕೆಇಎ ಅರ್ಜಿ ತುಂಬುವ ಹೊತ್ತಿಗೆ ನಮ್ಮಲ್ಲಿ ಕರೆಂಟ್ ಹೋಗಿತ್ತು. ಮರ ಬಿದ್ದು ಲೈನ್ ಹರಿದಿತ್ತು, ಮೊಬೈಲ್ ಟವರೂ ಸತ್ತಿತ್ತು. ಗೋಣಿಕೊಪ್ಪದಲ್ಲಿ ಜನರೇಟರ್ ಇರುವ ಒಂದು ಅಂಗಡಿಯಲ್ಲಿ ಕೂತು ತುಂಬಿದೆ. ಒಟಿಪಿ ಬರಲು ಸಿಗ್ನಲ್ ಬೇಕಲ್ಲ, ಫೋನನ್ನು ಗಂಡ ರಸ್ತೆಯ ಆಚೆ ಬದಿಗೆ ಹಿಡಿದುಕೊಂಡು ನಿಂತು ಅಲ್ಲಿಂದಲೇ ಕೂಗಿ ನಂಬರ್ ಹೇಳಿದರು. ಬಸ್ ಸ್ಟಾಂಡಿನಲ್ಲಿ ಇದ್ದವರಿಗೆಲ್ಲ ನನ್ನ ಒಟಿಪಿ ಗೊತ್ತು. ಮಳೆಗಾಲದಲ್ಲಿ ಕೊನೇ ದಿನಕ್ಕೆ ಕಾಯುವ ಧೈರ್ಯ ಕೊಡಗಿನವರು ಮಾಡಲೇಬಾರದು.

ದಾಖಲೆ ಪರಿಶೀಲನೆಗೆ ಬೆಂಗಳೂರಿನ ಮಲ್ಲೇಶ್ವರದ ಕೆಇಎ ಕಚೇರಿಗೆ ಹೋದೆ. ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಖರ್ಚು ಊಟ ಆಟೊಗಳದ್ದು ಮಾತ್ರ. ಸಾಲಿನಲ್ಲಿ ಮುಂದೆ ಹಿಂದೆ ಅಪ್ಪ ಅಮ್ಮಂದಿರ ಜೊತೆ ಬಂದ ಮಕ್ಕಳು. ಒಬ್ಬರು ತಾಯಿ "ನಿಮ್ಮ ಮಗ ಎಲ್ಲಿ?" ಅಂದರು. ನಾನೇ ಅಂದೆ. ಅವರು ಒಂದು ಕ್ಷಣ ನೋಡಿ, ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟರು. ಒಳಗೆ ಪರಿಶೀಲಿಸಿದವರು ಪಿಯುಸಿ ಕಾರ್ಡಿನ ಇಸವಿಯ ಮೇಲೆ ಬೆರಳಿಟ್ಟು, "ಈ ನಡುವೆ ಏನು ಮಾಡ್ತಿದ್ರಿ?" ಅಂತ ಕೇಳಿದರು. ನರ್ಸಿಂಗ್ ಡಿಪ್ಲೊಮಾ, ಕೆಲಸದ ಅನುಭವ ಪತ್ರ, ಮಧ್ಯದ ವರ್ಷಗಳ ಬಗ್ಗೆ ಮಾಡಿಸಿದ್ದ ಅಫಿಡವಿಟ್ ಎಲ್ಲ ಮುಂದಿಟ್ಟೆ. ಹೆಸರಿನ ಅಫಿಡವಿಟ್ಟನ್ನೂ ನೋಡಿದರು. ತಕರಾರಿಲ್ಲದೆ ಮುಗಿಯಿತು. ಹೊರಗೆ ಬಂದಾಗ ಕಾಲು ನಡುಗುತ್ತಿತ್ತು.

ಬೇಕಾದ ಕಾಲೇಜುಗಳನ್ನು ಸಾಲಾಗಿ ಬರೆದುಕೊಡುವ ಆಪ್ಷನ್ ಎಂಟ್ರಿಗೆ ಮುಂಚೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು ಕೆಇಎ ವೆಬ್‌ಸೈಟಿನಿಂದ ಇಳಿಸಿಕೊಂಡು ನಿಮ್ಮ ವರ್ಗದ ಕಾಲಂ ಮಾತ್ರ ನೋಡಿ. ಎಲ್ಲರೂ ಬೆಂಗಳೂರು, ಮೈಸೂರು ಮೊದಲು ಬರೆಯುತ್ತಾರೆ. 1924ರ ಮೈಸೂರು ಮೆಡಿಕಲ್ ಕಾಲೇಜಿನ ಹೆಸರೇ ಹಾಗೆ. ನಾನು ಮಡಿಕೇರಿಯನ್ನು ಮೊದಲು ಹಾಕಿದೆ. 2016ರಲ್ಲಿ ಶುರುವಾದ ಕಾಲೇಜು, 150 ಸೀಟು, ಜಿಲ್ಲಾಸ್ಪತ್ರೆಯೇ ಬೋಧನಾ ಆಸ್ಪತ್ರೆ. ಹತ್ತೊಂಬತ್ತರ ಹುಡುಗಿಗೆ ಹಾಸ್ಟೆಲ್, ಸಿಟಿ ಎಲ್ಲ ಬೇಕು. ನನಗೆ ಶನಿವಾರ ಸಂಜೆ ಮನೆಗೆ ಬರಲು ಬಸ್ ಇರಬೇಕು.

ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು. ಶುಲ್ಕ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಸರ್ಕಾರಿ ಕಾಲೇಜಾದರೆ ಅರುವತ್ತು ಸಾವಿರದ ಹತ್ತಿರ. ಸೀಟು ಸಿಕ್ಕ ಮೇಲೆ ನಿಮ್ಮ ತೀರ್ಮಾನ ತಿಳಿಸಬೇಕು. ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2 ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದ್ದು ಸಿಕ್ಕರೆ ಕೊಡಿ. ಚಾಯ್ಸ್ 3 ಅಂದರೆ ಇದು ಬೇಡ, ಮುಂದೆ ನೋಡೋಣ. ನಾನು 2 ಒತ್ತಿ ದುಡ್ಡು ಕಟ್ಟಿದೆ. ವಯಸ್ಸಾದವರಿಗೆ ನನ್ನ ಸಲಹೆ, 3ರ ಜೂಜು ಬೇಡ. ಇನ್ನೊಂದು ವರ್ಷ ಓದುವ ಮನಸ್ಸು ಹದಿನೆಂಟಕ್ಕೆ ಇರುತ್ತದೆ, ನಮಗೆ ಮನೆಯವರು ಇನ್ನೊಂದು ವರ್ಷ ಬಿಡುತ್ತಾರೋ ಇಲ್ಲವೋ.

ಕಾಯುವ ಆ ವಾರಗಳಲ್ಲೇ ನಮ್ಮ ಮಳೆಗಾಲದ ತಿಂಗಳು ಕಕ್ಕಡ ಬಂತು. ಅತ್ತೆ ಮದ್ದುಸೊಪ್ಪಿನ ಪಾಯಸ ಮಾಡಿ ಬಡಿಸುತ್ತಾ, "ಇದರಲ್ಲಿ ಹದಿನೆಂಟು ಥರದ ಮದ್ದಿದೆ ಅಂತಾರೆ, ನೀನು ಓದಿ ಬಂದು ಹೇಳು ನಿಜವಾ ಅಂತ" ಅಂದರು. ಎರಡನೇ ಸುತ್ತಿನಲ್ಲಿ ಮಡಿಕೇರಿ ಬಂತು. ಫೋನಿನಲ್ಲಿ ಮೊದಲು ನೋಡಿದ್ದು ಮಗಳು.

ಸೇರುವಾಗ ಒಯ್ಯಬೇಕಾದದ್ದು ಮೂಲ ದಾಖಲೆಗಳ ಜೊತೆ ನಾಲ್ಕೈದು ಸೆಟ್ ಜೆರಾಕ್ಸ್, ಒಂದು ಕಟ್ಟು ಫೋಟೊ, ದೈಹಿಕ ಅರ್ಹತೆಯ ಪತ್ರ, ಕೊನೆಗೆ ಓದಿದ ಸಂಸ್ಥೆಯ ಟಿಸಿ. ನಮ್ಮ ವಿಷಯದಲ್ಲಿ ಟಿಸಿ ಪಿಯು ಕಾಲೇಜಿನಲ್ಲಿ ಇರುವುದಿಲ್ಲ, ನರ್ಸಿಂಗ್ ಶಾಲೆಯಿಂದ ತರಬೇಕು. ಕಾಲೇಜು ಮೂಲ ಕಾಗದ ಇಟ್ಟುಕೊಳ್ಳುತ್ತದೆ, ಹಾಗಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕೋರ್ಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಒಂಬತ್ತು ವರ್ಷದೊಳಗೆ ಮುಗಿಸಬೇಕು, ಮೊದಲ ವರ್ಷ ಪಾಸಾಗಲು ನಾಲ್ಕೇ ಪ್ರಯತ್ನ. ಹಾಜರಿ ಕಡ್ಡಾಯ, ಪಾರ್ಟ್ ಟೈಂ ಕೆಲಸದ ಆಸೆ ಬಿಡಿ.

ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯಲ್ಲಿ ವಿದ್ಯಾರ್ಥಿಯ ಸಹಿಯ ಕೆಳಗೆ ಪೋಷಕರ ಸಹಿಗೂ ಜಾಗ ಇದೆ. ಗುಮಾಸ್ತರು ನನ್ನನ್ನು ನೋಡಿದರು, ಪಕ್ಕದಲ್ಲಿ ನಿಂತ ಗಂಡನನ್ನು ನೋಡಿದರು. "ಇವರೇ ಹಾಕಲಿ ಬಿಡಿ ಮೇಡಂ" ಅಂದರು. ಗಂಡ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನನ್ನ ಮಗಳು ಅಂತ ಅಚ್ಚಾಗಿದೆ ಇಲ್ಲಿ" ಅಂದರು. "ಹೊಡೆದುಹಾಕಿ ಹೆಂಡತಿ ಅಂತ ಬರೀರಿ ಸಾರ್, ಪಕ್ಕ ಒಂದು ಚಿಕ್ಕ ಸಹಿ ಮಾಡಿ" ಅಂತ ಗುಮಾಸ್ತರು ಪೆನ್ನು ಕೊಟ್ಟರು. ಮೊದಲ ಸುತ್ತಿನಲ್ಲಿ ಹೆಚ್ಚಿಗೆ ಕಟ್ಟಿದ ಹಣ ಇನ್ನೂ ಖಾತೆಗೆ ಬಂದಿಲ್ಲ. ರಸೀದಿ ಎತ್ತಿಟ್ಟಿದ್ದೇನೆ, ನೀವೂ ಎತ್ತಿಡಿ. ಖಾತೆಯಲ್ಲಿ ಹೆಸರು ಎಸ್ಸೆಸ್ಸೆಲ್ಸಿಯ ಹಾಗೇ ಇದೆಯಾ ಅಂತ ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ.